ಬೆಳೆದವನ ನಾಲಗೆಗೂ ಒಂದು ತುಣುಕು

ಕೊಕ್ಕೊ ಮರಕ್ಕೆ 1753ರಲ್ಲಿ ಶಾಸ್ತ್ರೀಯವಾಗಿ ನಾಮಕರಣ ಮಾಡಿದ ಲಿನ್ನೇಯಸ್ ಪಂಡಿತನು ಅದನ್ನು ‘ಥಿಯೋಬ್ರೋಮ’ ಎಂದು ಕರೆದನು. ದೇವತೆಗಳ ಆಹಾರವೆಂಬುದು ಆ ಗ್ರೀಕ್ ಪದದ ಅರ್ಥ. ಹೆಸರೇನೋ ಸೊಗಸಾದುದೇ. ಆದರೆ ದೇವರು ವರ ಕೊಟ್ಟರೂ ಪೂಜಾರಿ ವರ ಕೊಡನೆಂಬ ನಮ್ಮ ಗಾದೆಯೂ ಅದಕ್ಕೆ ಅಷ್ಟೇ ಚೆನ್ನಾಗಿ ಒಪ್ಪುತ್ತದೆ. ಲೋಕದ ಕೊಕ್ಕೊದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲನ್ನು ಐವರಿ ಕೋಸ್ಟ್ ಮತ್ತು ಘಾನಾ ದೇಶಗಳೆರಡೇ ಬೆಳೆಯುತ್ತವೆ. ಅದು ಚಾಕೊಲೇಟಾಗುವುದು ಬಹುಮಟ್ಟಿಗೆ ಕಡಲಾಚೆಯ ಸಿರಿವಂತ ನಾಡುಗಳಲ್ಲಿ. ಬೀಜವನ್ನು ಒಣಗಿಸಿದ ಕೈ ಒಂದು, ಸವಿಯುವ ನಾಲಗೆ ಇನ್ನೊಂದು.

ಈ ದೂರವನ್ನು ಅಳಿಸಲು ಹೊರಟವರೂ ಉಂಟು. ಕೆರಿಬಿಯನ್ ಕಡಲಿನ ಗ್ರೆನಡಾ ಎಂಬ ಪುಟ್ಟ ದ್ವೀಪದಲ್ಲಿ ಮಾಟ್ ಗ್ರೀನ್ ಎಂಬ ಅಮೆರಿಕನನು ಇಬ್ಬರು ಗೆಳೆಯರೊಡನೆ 1999ರಲ್ಲಿ ಗ್ರೆನಡಾ ಚಾಕೊಲೇಟ್ ಕಂಪನಿಯನ್ನು ಆರಂಭಿಸಿದನು. ಹಳೆಯ ಯಂತ್ರಗಳನ್ನು ರಿಪೇರಿಮಾಡಿಕೊಂಡು, ಬಿಸಿಲಿನಿಂದ ಪಡೆದ ವಿದ್ಯುತ್ತನ್ನು ಬಳಸಿ, ದ್ವೀಪದ ಬೆಳೆಗಾರರನ್ನು ಸಹಕಾರದಲ್ಲಿ ಸೇರಿಸಿಕೊಂಡು, ಬೆಳೆದ ಊರಿನಲ್ಲಿಯೇ ಬೀಜದಿಂದ ಬಿಲ್ಲೆಯವರೆಗಿನ ಸಮಸ್ತ ಕಾರ್ಯವನ್ನೂ ನಡೆಸಿದ ಸಾಹಸ ಅದು. 2012ರಲ್ಲಿ ಅವರ ಚಾಕೊಲೇಟು ಹಾಯಿಹಡಗಿನಲ್ಲಿ ಯೂರೋಪಿಗೆ ಹೋಯಿತು. ಮರುವರ್ಷ ಯಂತ್ರವೊಂದನ್ನು ಸರಿಪಡಿಸುತ್ತಿದ್ದಾಗ ವಿದ್ಯುದಾಘಾತದಿಂದ ಗ್ರೀನ್ ತೀರಿಕೊಂಡನು. ಅವನೊಡನೆ ಆ ಕೆಲಸ ನಿಲ್ಲಲಿಲ್ಲವೆಂಬುದೇ ಅವನಿಗೆ ಸಂದ ಗೌರವ.

ದೂರದ ಮಾತು ನಮಗೇಕೆ ಎನ್ನುವವರು ದಕ್ಷಿಣ ಕನ್ನಡದ ಅಡಕೆ ತೋಟಗಳನ್ನು ನೆನೆಯಬೇಕು. ಅಡಕೆಯ ನೆರಳಿನಲ್ಲಿ ಕೊಕ್ಕೊ ಅಲ್ಲಿ ಉಪಬೆಳೆ. 1980ರ ದಶಕದ ಮೊದಲಲ್ಲಿ ಕೊಳ್ಳುವವರಿಲ್ಲದೆ ಬೆಲೆ ಕುಸಿದಾಗ ಎಷ್ಟೋ ಮಂದಿ ಗಿಡಗಳನ್ನೇ ಕಡಿದು ಹಾಕಿದರು. ಆಗ ಕೈಹಿಡಿದುದು ಬೆಳೆಗಾರರದೇ ಸಹಕಾರ ಸಂಸ್ಥೆ. 1973ರಲ್ಲಿ ಹುಟ್ಟಿದ್ದ ಕ್ಯಾಂಪ್ಕೊ, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಅದು ದೊಡ್ಡ ಪ್ರಮಾಣದ ಕೆಲಸ. ಈಚಿನ ವರ್ಷಗಳಲ್ಲಿ ಮೈಸೂರಿನಂಥ ಊರುಗಳಲ್ಲಿ ಸಣ್ಣ ತಯಾರಕರೂ ಕಾಣಿಸಿಕೊಂಡಿದ್ದಾರೆ.

ಸಣ್ಣವರಿಂದ ಆಗುವುದೇನು? ಉತ್ತರ ಅಂಗಳದಲ್ಲಿದೆ. ಹಸಿ ಬೀಜಕ್ಕೆ ಚಾಕೊಲೇಟಿನ ಪರಿಮಳವೇ ಇಲ್ಲ. ತಿರುಳುಸಹಿತ ಬೀಜವನ್ನು ರಾಶಿಹಾಕಿ, ಬಾಳೆಲೆ ಮುಚ್ಚಿ, ಆಗಾಗ ಮಗುಚುತ್ತ ಐದಾರು ದಿನ ಹುಳಿಯಲು ಬಿಡಬೇಕು. ಆಮೇಲೆ ಬಿಸಿಲಿಗೆ ಒಣಹಾಕಬೇಕು. ಹುರಿಯುವುದು, ಸಿಪ್ಪೆ ಕೇರುವುದು, ಅರೆಯುವುದು ಎಲ್ಲವೂ ತರುವಾಯದ ಮಾತು. ರುಚಿಯ ಬುನಾದಿ ಬೀಳುವುದು ರೈತನ ಅಂಗಳದಲ್ಲಿ. ಹಸಿ ಬೀಜವನ್ನೇ ತೂಗಿ ಮಾರುವವನು ಈ ವಿದ್ಯೆಯನ್ನೂ ಅದರ ಪ್ರತಿಫಲವನ್ನೂ ಬಿಟ್ಟುಕೊಟ್ಟಂತೆಯೇ. ಯಾವ ತೋಟದ ಬೀಜವೆಂದು ಕೇಳಿ ಕೊಳ್ಳುವ ತಯಾರಕನು ಆ ವಿದ್ಯೆಗೆ ಬೆಲೆ ಕಟ್ಟುತ್ತಾನೆ.

ಇದಕ್ಕೆ ಆಕ್ಷೇಪವಿಲ್ಲದಿಲ್ಲ. ಇಂಥ ಚಾಕೊಲೇಟು ದುಬಾರಿ. ಉಪಾಧ್ಯಾಯರ ಜೇಬಿಗೆ ಒಗ್ಗುವುದು ಅಪರೂಪ. ಉಳ್ಳವರ ಶೋಕಿಯಷ್ಟೇ ಆಗಿ ಉಳಿಯುವ ಅಪಾಯವೂ ಇದೆ. ಹೊದಿಕೆಯ ಮೇಲೆ ತೋಟದ ಹೆಸರು ಅಚ್ಚಾದ ಮಾತ್ರಕ್ಕೆ ರೈತನ ಪಾಲು ಹೆಚ್ಚಿತೆಂದು ನಂಬಬೇಕಾಗಿಲ್ಲ. ಎಷ್ಟು ಕೊಟ್ಟಿರಿ ಎಂದು ಕೇಳುವ ಹಕ್ಕು ಕೊಳ್ಳುವವನಿಗಿದೆ. ಪೇಟೆಯ ಧಾರಣೆಯನ್ನೇ ನೆಚ್ಚುವುದೂ ಜಾಣತನವಲ್ಲ. 2024ರಲ್ಲಿ ಅದು ಟನ್ನಿಗೆ 10,000 ಡಾಲರನ್ನು ದಾಟಿತು. ಏರಿದುದು ಮತ್ತೆ ಇಳಿಯಿತು. ಕೈಯಲ್ಲಿರುವ ವಿದ್ಯೆ ಮಾತ್ರ ಹಾಗೆ ಇಳಿಯುವುದಿಲ್ಲ.

ಪುತ್ತೂರು ಕಡೆಯ ವಿದ್ಯಾರ್ಥಿನಿಯೊಬ್ಬಳನ್ನು, ನಿಮ್ಮ ತೋಟದ ಕೊಕ್ಕೊದ ರುಚಿ ಹೇಗಮ್ಮ ಎಂದು ಕೇಳಿದೆವು. “ತಿರುಳು ಚೀಪಿ ಗೊತ್ತು ಸಾರ್. ಅದರ ಮುಂದಿನದು ಗೊತ್ತಿಲ್ಲ” ಎಂದಳು. ತನ್ನ ಬೆಳೆಯ ಕಡೆಯ ರೂಪವನ್ನು ಕಾಣದವನು ಅದರ ಬೆಲೆಯನ್ನು ಗಟ್ಟಿಯಾಗಿ ಕೇಳುವುದು ಹೇಗೆ? ನಮ್ಮ ಸಹಕಾರ ಸಂಘಗಳೂ ಕೃಷಿ ವಿದ್ಯಾಲಯಗಳೂ ಹುಳಿಸುವ, ಹುರಿಯುವ, ಅರೆಯುವ ವಿದ್ಯೆಯನ್ನು ತೋಟದ ಮನೆಗಳಿಗೆ ಕೊಂಡೊಯ್ಯಲಿ. ಪ್ರತಿಯೊಬ್ಬ ಬೆಳೆಗಾರನೂ ಚಾಕೊಲೇಟು ಮಾಡಬೇಕೆಂದಲ್ಲ. ತನ್ನ ಅಂಗಳದ ಬೀಜದಿಂದಾದ ಒಂದು ತುಣುಕನ್ನು ಅವನೂ ಅವನ ಮಕ್ಕಳೂ ಬಾಯಿಗಿಟ್ಟು, ಇದು ನಮ್ಮದೆಂದು ತಿಳಿಯಬೇಕು. ದೇವತೆಗಳ ಪಾಲು ಆಮೇಲೆ ಇದ್ದೇ ಇದೆ.