ಬೆರಳಚ್ಚಿಗೂ ಒಂದು ಯೂನಿಕೋಡ್ ಬೇಡವೇ?

ಹಿಂದೆ ನಾನಿದ್ದ ಆಫೀಸಿನಲ್ಲಿ ಹಾಜರಾತಿಯ ಬೆರಳಚ್ಚು ಯಂತ್ರ ಕೆಟ್ಟುಹೋಯಿತು. ಬೇರೆ ಕಂಪನಿಯದನ್ನು ತಂದರು. ಹಳೆಯದರಲ್ಲಿದ್ದ ನಮ್ಮ ಬೆರಳಚ್ಚುಗಳನ್ನು ಹೊಸದು ಓದಲೇ ಇಲ್ಲ! ಸರಿ, ಎಲ್ಲರೂ ಮತ್ತೆ ಸಾಲಾಗಿ ನಿಂತು ಬೆರಳು ಒತ್ತಿದ್ದಾಯಿತು.

ನನಗೆ ತಟ್ಟನೆ ನೆನಪಾದದ್ದು ನಮ್ಮ ಹಳೇ ಫಾಂಟುಗಳ ಗೋಳು. ಶ್ರೀಲಿಪಿಯಲ್ಲಿ ಬರೆದದ್ದನ್ನು ನುಡಿಯಲ್ಲಿ ತೆರೆದರೆ ಬರೀ ಗೊಜ್ಜು. ಬರಹ ನಮ್ಮದೇ, ಬೀಗದ ಕೈ ಮಾತ್ರ ಇನ್ನೊಬ್ಬರದು. ಯೂನಿಕೋಡ್ ಬಂದ ಮೇಲೆ ತಾನೇ ನಾವೆಲ್ಲ ಹೀಗೆ ಬ್ಲಾಗಿಸುತ್ತಿರುವುದು?

ಬಯೋಮೆಟ್ರಿಕ್ ಲೋಕದಲ್ಲೂ ಇಂಥದ್ದೇ ಜಗಳ ನಡೆದಿತ್ತು. 1998ರಲ್ಲಿ ಕೆಲವು ಕಂಪನಿಗಳು ಸೇರಿ ಬಯೋಎಪಿಐ ಎಂಬ ಒಕ್ಕೂಟ ಕಟ್ಟಿದವು. ಯಾವ ಕಂಪನಿಯ ಸೆನ್ಸರ್ ಆದರೂ ಯಾವ ತಂತ್ರಾಂಶದ ಜೊತೆಗಾದರೂ ಮಾತಾಡಬೇಕು ಅನ್ನುವುದು ಅದರ ಆಸೆ. ಶುರುವಿನಲ್ಲಿ ಜೊತೆಗಿದ್ದ ಮೈಕ್ರೋಸಾಫ್ಟ್ ಆಮೇಲೆ ಹೊರನಡೆಯಿತು. 2000ದ ಮೇ ತಿಂಗಳಲ್ಲಿ ಐ/ಓ ಸಾಫ್ಟ್‌ವೇರ್ ಎಂಬ ಪುಟ್ಟ ಕಂಪನಿಯ ಬಿಎಪಿಐಯನ್ನು ವಿಂಡೋಸಿಗೆ ಸೇರಿಸುವುದಾಗಿ ಘೋಷಿಸಿತು. ದೊಡ್ಡಣ್ಣನೇ ಕೈ ಹಿಡಿದ ಮೇಲೆ ಇನ್ನೇನು, ಗೆದ್ದ ಹಾಗೇ ಅನ್ನಿಸಿರಬೇಕು.

ಆದದ್ದೇ ಬೇರೆ. ಬಯೋಎಪಿಐ 2002ರಲ್ಲಿ ಅಮೆರಿಕದ, 2006ರಲ್ಲಿ ಐಎಸ್‌ಓದ ಮಾನಕವಾಯಿತು. ಮೈಕ್ರೋಸಾಫ್ಟ್ 2009ರ ವಿಂಡೋಸ್ 7ರಲ್ಲಿ ತನ್ನದೇ ವಿಂಡೋಸ್ ಬಯೋಮೆಟ್ರಿಕ್ ಫ್ರೇಮ್‌ವರ್ಕ್ ತಂದಿತು. ಹಾಗಂತ ಮಾನಕ ಗೆದ್ದಿತೆನ್ನಲೂ ಆಗದು. ಆಪಲ್ 2012ರಲ್ಲಿ ಸೆನ್ಸರ್ ಕಂಪನಿ ಆಥೆನ್‌ಟೆಕ್ಕನ್ನೇ ಕೊಂಡು, 2013ರಲ್ಲಿ ಐಫೋನಿನಲ್ಲಿ ತನ್ನದೇ ಟಚ್ ಐಡಿ ತಂದಿತು.

ಹಾಗಾದರೆ ಮಾನಕ ಗೆಲ್ಲುವುದು ಎಲ್ಲಿ? ಕೊಳ್ಳುವವನು ಹಟ ಹಿಡಿದಲ್ಲಿ ಅಂತ ನನ್ನ ಅನಿಸಿಕೆ. ಆಧಾರ್ ಬಗ್ಗೆ ನಿಮ್ಮ ತಕರಾರು ಏನೇ ಇರಲಿ, ಈ ಒಂದು ವಿಷಯದಲ್ಲಿ ಅವರು ಜಾಣರು. ಬೆರಳಚ್ಚಿಗೆ ಐಎಸ್‌ಓ 19794 ಸರಣಿಯ ಮಾನಕಗಳನ್ನು ಆರಿಸಿಕೊಂಡು, ಒಬ್ಬರ ಹೆಸರು ಎರಡು ಸಲ ಸೇರದಂತೆ ಹುಡುಕುವ ಕೆಲಸವನ್ನು 2010ರಲ್ಲಿ ಮೂರು ಗುಂಪುಗಳಿಗೆ ಹಂಚಿದರು. ಅವುಗಳಲ್ಲೊಂದಾದ ಎಲ್-1 ಕಂಪನಿಯನ್ನು 2011ರಲ್ಲಿ ಸಾಫ್ರಾನ್ ಕೊಂಡಿತು. ಇನ್ನೊಂದು ಗುಂಪಿನಲ್ಲಿದ್ದ ಮಾರ್ಫೋ ಕೂಡ ಆಗ ಸಾಫ್ರಾನ್‌ನದೇ ಆಗಿತ್ತು! ಕಂಪನಿಗಳು ಹೀಗೆ ಕೈ ಬದಲಾದರೂ ಜನ ಮತ್ತೆ ಸಾಲು ನಿಲ್ಲಬೇಕಾಗಲಿಲ್ಲ.

"ಎಲ್ಲರದ್ದೂ ಒಂದೇ ಆದರೆ ನಾವು ಮಾರುವುದೇನು?" ಅಂತ ಕಂಪನಿಗಳು ಕೇಳಬಹುದು. ನಿಖರತೆ ಮಾರಿ, ವೇಗ ಮಾರಿ ಸ್ವಾಮಿ. ಗಿರಾಕಿಯನ್ನು ಕಟ್ಟಿಹಾಕಿ ಬದುಕುವ ಕಂಪನಿಗೆ ದೊಡ್ಡವರು ಕೈಬಿಟ್ಟ ದಿನವೇ ಕೊನೆ ದಿನ.

ಒಂದು ಎಚ್ಚರಿಕೆ: ಮಾನಕ ಅಂದರೆ ಸುರಕ್ಷತೆ ಅಲ್ಲ. ಪಾಸ್‌ವರ್ಡ್ ಸೋರಿದರೆ ಬದಲಾಯಿಸಬಹುದು, ಇರುವ ಹತ್ತು ಬೆರಳನ್ನು ಹೇಗೆ ಬದಲಾಯಿಸೋಣ? ಅದಕ್ಕೇ ನಿಮ್ಮ ಆಫೀಸಿಗೆ ಹೊಸ ಯಂತ್ರ ಬಂದರೆ ಎರಡು ಪ್ರಶ್ನೆ ಕೇಳಿ. ನನ್ನ ಬೆರಳಚ್ಚು ಯಾವ ಮಾನಕದಲ್ಲಿದೆ? ಹಳೇ ಯಂತ್ರದಲ್ಲಿದ್ದದ್ದನ್ನು ಅಳಿಸಿದಿರಾ?

ನಾನಂತೂ ಅವತ್ತು ಎರಡನೆಯದನ್ನು ಕೇಳಲಿಲ್ಲ. ಆ ಹಳೇ ಯಂತ್ರ ಯಾವ ಗುಜರಿಯಲ್ಲಿದೆಯೋ... :-(