ವಿಡಿಯೋ ನಿಲ್ಸಿ, ದಾರ ಹಿಡೀರಿ

ಫ್ಲೈ ಟೈಯಿಂಗ್ ಅಂದರೆ ಗಾಳದ ಕೊಕ್ಕೆಗೆ ದಾರ, ಗರಿ, ತುಪ್ಪಳ ಸುತ್ತಿ, ಮೀನಿಗೆ ಅದು ಹುಳ ಅನ್ನಿಸುವ ಹಾಗೆ ಮಾಡುವ ಕೆಲಸ. ಎರೆಹುಳ ಚುಚ್ಚಿ ಮೀನು ಹಿಡಿಯುವ ನಮ್ಮ ಮಲೆನಾಡಿನವರಿಗೆ ಇದನ್ನ ಹೇಳಿದ್ರೆ 'ಬೇರೆ ಕೆಲಸ ಇಲ್ವೇನೋ?' ಅಂತ ನಗ್ತಾರೆ. ನಗಲಿ ಬಿಡಿ. ಇಂಗ್ಲೆಂಡಿನಲ್ಲಿ 1496ರಲ್ಲೇ ಅಚ್ಚಾದ ಮೀನುಗಾರಿಕೆಯ ಪ್ರಬಂಧವೊಂದು 12 ಬಗೆಯ ಫ್ಲೈಗಳನ್ನು ಹೇಳಿಕೊಟ್ಟಿದೆ. ಆಗ ಬಲ್ಲವರ ಪಕ್ಕ ಕೂತು ಕಲಿಯಬೇಕಿತ್ತು. ಈಗ ಯೂಟ್ಯೂಬ್ ಇದೆ. ನನ್ನ ತಕರಾರು ಶುರುವಾಗೋದು ಇಲ್ಲಿಂದ.

ವಿಡಿಯೋ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. 'ಗುರುವಿಲ್ಲದೆ ವಿದ್ಯೆ ಬರಲ್ಲ' ಅಂತ ಮೂಗು ಮುರಿಯೋರ ಜೊತೆಗೂ ನಾನಿಲ್ಲ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಕೂತವನಿಗೆ ಸ್ಕಾಟ್ಲೆಂಡಿನ ಡೇವಿ ಮೆಕ್‌ಫೇಲ್ ಬೆರಳು ಹೇಗೆ ಆಡ್ತಾವೆ ಅಂತ ಹತ್ತಿರದಿಂದ ಕಾಣೋದು ಸಣ್ಣ ಭಾಗ್ಯ ಅಲ್ಲ. ತಕರಾರು ಇರೋದು ನಮ್ಮಂಥವರ ಅಭ್ಯಾಸದ ಬಗ್ಗೆ. ರಾತ್ರಿ ಊಟ ಆದಮೇಲೆ ಒಂದೂವರೆ ಪಟ್ಟು ಸ್ಪೀಡಲ್ಲಿ ಆರು ವಿಡಿಯೋ ನೋಡಿ, ನಾಲ್ಕನ್ನ 'ಆಮೇಲೆ ನೋಡೋಣ' ಪಟ್ಟಿಗೆ ಸೇರಿಸಿ, 'ಇವತ್ತು ಬಹಳ ಕಲಿತೆ' ಅಂತ ಮಲಗ್ತೀವಲ್ಲ, ಅದರ ಬಗ್ಗೆ. ಕೋಡಿಂಗ್ ಕೋರ್ಸಿನಲ್ಲೂ ಇದೇ ಕಥೆ, ಗಿಟಾರಿನಲ್ಲೂ ಇದೇ.

ಇದು ಬರೀ ನನ್ನ ಗೊಣಗಾಟ ಅಲ್ಲ. ಮೈಕಲ್ ಕಾರ್ಡಾಸ್ ಮತ್ತು ಎಡ್ ಓಬ್ರಯನ್ ಅನ್ನೋ ಇಬ್ಬರು ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಡಾರ್ಟ್ ಎಸೆಯುವ ವಿಡಿಯೋವನ್ನು ಕೆಲವರಿಗೆ ಒಂದು ಸಲ, ಕೆಲವರಿಗೆ 20 ಸಲ ತೋರಿಸಿದರು. 20 ಸಲ ನೋಡಿದವರಿಗೆ ಧೈರ್ಯ ಜಾಸ್ತಿ ಬಂತು, ಗುರಿ ಮಾತ್ರ ಒಂದಿಷ್ಟೂ ಸುಧಾರಿಸಲಿಲ್ಲ. ನೋಡಿದಷ್ಟೂ ಮುಂದೇನು ಮಾಡಬೇಕು ಅನ್ನೋದು ಗೊತ್ತಾಗುತ್ತೆ. ಮಾಡುವಾಗ ಕೈಗೆ ಹೇಗನಿಸುತ್ತೆ ಅನ್ನೋದು ಗೊತ್ತಾಗಲ್ಲ.

ಫ್ಲೈ ಕಟ್ಟುವುದರಲ್ಲಿ ಈ 'ಹೇಗನಿಸುತ್ತೆ' ಅನ್ನೋದೇ ಮುಕ್ಕಾಲು ವಿದ್ಯೆ. ದಾರ ಎಷ್ಟು ಬಿಗಿ ಇರಬೇಕು? ಜಾಸ್ತಿ ಎಳೆದರೆ ಪಟಕ್ಕಂತ ಹರಿಯುತ್ತೆ, ಸಡಿಲ ಬಿಟ್ಟರೆ ಗರಿ ಕೊಕ್ಕೆಯ ಸುತ್ತ ತಿರುಗುತ್ತೆ. ಹರಿಯುವುದಕ್ಕೆ ಕೂದಲೆಳೆ ಹಿಂದಿನ ಆ ಬಿಗಿ ಯಾವ ಕ್ಯಾಮೆರಾದಲ್ಲೂ ಕಾಣಲ್ಲ. ಪರದೆಯ ಮೇಲೆ ಹೆಬ್ಬೆಟ್ಟಿನಷ್ಟು ಕಾಣುವ 14ನೇ ನಂಬರಿನ ಕೊಕ್ಕೆ ನಿಮ್ಮ ಕೈಯಲ್ಲಿ ಒಂದು ಸೆಂಟಿಮೀಟರ್ ಆಸುಪಾಸು ಇರುತ್ತೆ. ಎಲ್ಲಕ್ಕಿಂತ ದೊಡ್ಡ ಕೊರತೆ ಏನಪ್ಪಾ ಅಂದ್ರೆ, ನೀವು ವಿಡಿಯೋ ನೋಡ್ತೀರಿ, ವಿಡಿಯೋ ನಿಮ್ಮ ಫ್ಲೈ ನೋಡಲ್ಲ.

ನಮ್ಮೂರಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯೋರನ್ನ ಮಕ್ಕಳು ಸುಗ್ಗಿಯಿಡೀ ನೋಡ್ತಾರೆ. ಹಾಗಂತ ಯಾರಿಗೂ ಸುಲಿಯೋಕೆ ಬಂದುಬಿಡಲ್ಲ. ತಾನೇ ಕೂತು ನಾಲ್ಕು ಅಡಿಕೆ ಹಾಳು ಮಾಡಿ, ಪಕ್ಕದವರು 'ಹಿಡಿಯೋದು ಹಂಗಲ್ಲ ಮಾರಾಯ' ಅಂದಮೇಲೇ ಕೈ ಕೂರೋದು. ಹಾಡ್ತಾ ಹಾಡ್ತಾ ರಾಗ ಅಂದರು ಹಿರಿಯರು. ಕೇಳ್ತಾ ಕೇಳ್ತಾ ರಾಗ ಅನ್ನಲಿಲ್ಲ.

ಹಾಗಾದ್ರೆ ವಿಡಿಯೋ ಹೇಗೆ ನೋಡಬೇಕು? ಒಂದೇ ಮಾದರಿ ಹಿಡೀರಿ. ವೂಲಿ ಬಗ್ಗರ್ ಸಾಕು: ದೊಡ್ಡ ಕೊಕ್ಕೆ, ಮೆತ್ತನೆ ಬಾಲ, ದಪ್ಪ ಮೈ, ಸುತ್ತ ಕೋಳಿ ಗರಿ. ಒಂದು ಸಲ ಪೂರ್ತಿ ನೋಡಿ ಲ್ಯಾಪ್‌ಟಾಪ್ ಮುಚ್ಚಿ, ನೆನಪಿನಿಂದ ಕಟ್ಟಿ. ಎಲ್ಲಿ ಎಡವಿದಿರೋ ಆ ಅರ್ಧ ನಿಮಿಷ ಮಾತ್ರ ಮತ್ತೆ ನೋಡಿ. ಬಾಲ ಕೊಕ್ಕೆಯ ಕಡ್ಡಿಯಷ್ಟೇ ಉದ್ದ ಇದೆಯಾ? ಕೊಕ್ಕೆಯ ಕಣ್ಣಿನ ಹಿಂದೆ ಗಂಟು ಹಾಕೋಕೆ ಜಾಗ ಬಿಟ್ಟಿದ್ದೀರಾ? ಹೊಸಬರು ಹೆಚ್ಚಾಗಿ ಸಿಕ್ಕಿಬೀಳೋದು ಇಲ್ಲೇ. ಹೀಗೆ ಒಂದು ಡಜನ್ ಕಟ್ಟಿ, ಮೊದಲನೆಯದನ್ನೂ ಹನ್ನೆರಡನೆಯದನ್ನೂ ಪಕ್ಕಪಕ್ಕ ಇಟ್ಟು ಫೋಟೋ ತೆಗೆದು ಬಲ್ಲವರಿಗೆ ಕಳಿಸಿ. ಕೆಟ್ಟದ್ದನ್ನ ಬ್ಲೇಡಿನಿಂದ ಕೊಯ್ದರೆ ಕೊಕ್ಕೆ ವಾಪಸ್ ಸಿಗುತ್ತೆ, ನಷ್ಟ ಏನಿಲ್ಲ.

'ಅದನ್ನೇ ಹನ್ನೆರಡು ಸಲ? ಬೋರು' ಅಂತೀರಾ? ಇಂಗ್ಲೆಂಡಿನ ಏವನ್ ನದಿಯ ಕಾವಲುಗಾರನಾಗಿದ್ದ ಫ್ರ್ಯಾಂಕ್ ಸಾಯರ್ ತನ್ನ ಹೆಸರಾಂತ ಫೆಸೆಂಟ್ ಟೇಲ್ ನಿಂಫ್ ಕಟ್ಟಿದ್ದು ಎರಡೇ ಸಾಮಾನಿನಿಂದ: ಫೆಸೆಂಟ್ ಹಕ್ಕಿಯ ಬಾಲದ ಗರಿ, ತಾಮ್ರದ ತಂತಿ. ದಾರದ ಕೆಲಸವನ್ನೂ ತಂತಿಯೇ ಮಾಡಿತು, ಫ್ಲೈ ಮುಳುಗೋಕೆ ಭಾರವೂ ಅದರಿಂದಲೇ ಬಂತು. ಆತನ ಮುಂದೆ ಇದ್ದದ್ದು ನದಿ. ನಮ್ಮ ಮುಂದೆ ಇರೋದು ಮುಗಿಯದ ಪ್ಲೇಲಿಸ್ಟ್, ಜೊತೆಗೆ ಆನ್‌ಲೈನಲ್ಲಿ ತರಿಸಿ ಇನ್ನೂ ಬಿಚ್ಚದ ಗರಿ ಪೊಟ್ಟಣಗಳು.

ಆದ್ದರಿಂದ ಮುಂದಿನ ವಿಡಿಯೋ ತಾನಾಗೇ ಶುರುವಾಗೋ ಆ ಬಟನ್ ಮೊದಲು ಆಫ್ ಮಾಡಿ. ನೀವು ಎಷ್ಟು ಗಂಟೆ ನೋಡಿದಿರಿ ಅಂತ ಮೀನು ಕೇಳಲ್ಲ.