ಮಲಗುವ ಮನೆಯಲ್ಲಿ ಮೋಟಾರು ಸೈಕಲ್ಲು



ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ವಾರ ಕೆಲವು ಛಾಯಾಚಿತ್ರಗಳನ್ನು ಕಳುಹಿಸಿದ್ದ. ಶಿಕಾರಿಪುರದಲ್ಲಿ ನನ್ನ ವಿಜ್ಞಾನದ ತರಗತಿಯ ಮೂರನೆಯ ಬೆಂಚಿನಲ್ಲಿ ಕುಳಿತಿರುತ್ತಿದ್ದ ಹುಡುಗ. ಈಗ ಇಬ್ಬರು ಮಕ್ಕಳ ತಂದೆ. ಚಿತ್ರದಲ್ಲಿದ್ದುದು ದೊಡ್ಡ ಪಿಕಪ್ ವಾಹನದ ಹಿಂದೆ ಎಳೆದೊಯ್ಯುವ, ಮನೆಯಂತಹ ಒಂದು ಬಂಡಿ. ಮುಂಭಾಗದಲ್ಲಿ ಅಡುಗೆಯ ಕಟ್ಟೆ, ಮಂಚ, ಸ್ನಾನದ ಕೋಣೆ. ಹಿಂಭಾಗದಲ್ಲಿ ಎರಡು ಮೋಟಾರು ಸೈಕಲ್ಲುಗಳು. ಹಿಂದಿನ ಗೋಡೆಯೇ ಕೆಳಕ್ಕೆ ಮಗುಚಿಕೊಂಡು ಇಳಿಜಾರಾಗುತ್ತದೆ. ಅದರ ಮೇಲಿಂದ ಬೈಕುಗಳನ್ನು ಹತ್ತಿಸಿ, ನೆಲದ ಕೊಂಡಿಗಳಿಗೆ ಪಟ್ಟಿಗಳಿಂದ ಬಿಗಿಯುತ್ತಾರೆ. ಆ ಬಂಡಿಗೆ ಅಲ್ಲಿ ‘ಟಾಯ್ ಹಾಲರ್’ ಎಂದು ಹೆಸರು. ಆಟಿಕೆ ಹೊರುವ ಬಂಡಿ ಎಂದರ್ಥ. ಹೊಟ್ಟೆಯಲ್ಲಿ ಪೆಟ್ರೋಲು ತುಂಬಿಕೊಂಡ, ಇಬ್ಬರು ಸೇರಿದರೂ ಎತ್ತಲಾಗದ ವಸ್ತು ಆಟಿಕೆಯಾದದ್ದು ಹೇಗೋ ನಾನರಿಯೆ!

ಬೈಕುಗಳನ್ನು ಇಳಿಸಿದ ಮೇಲೆ ಛಾವಣಿಯಿಂದ ಮಂಚವೊಂದನ್ನು ಕೆಳಗಿಳಿಸಿ ಆ ಜಾಗದಲ್ಲಿಯೇ ಮಲಗಬಹುದಂತೆ. ಆತ ಬರೆದಿದ್ದ: “ಮೇಷ್ಟ್ರೇ, ಮಳೆ ಬಂದ ರಾತ್ರಿ ಬೈಕುಗಳನ್ನು ಹೊರಗಿಡಲು ಮನಸ್ಸಾಗಲಿಲ್ಲ. ಒಳಗೇ ಬಿಟ್ಟು, ಮೇಲಿನ ಮಂಚದಲ್ಲಿ ಮಕ್ಕಳನ್ನು ಮಲಗಿಸಿದೆವು. ಅವರಿಗೆ ಬಹಳ ಸಂತೋಷವಾಯಿತು.”

ಓದಿದ ನನಗೆ ಸಂತೋಷವಾಗಲಿಲ್ಲ. ಅದಕ್ಕೆ ಕಾರಣ ನನ್ನದೇ ಒಂದು ಅವಿವೇಕ.

1984ರ ಬೇಸಿಗೆಯಲ್ಲಿ ನನಗೆ ಸೊರಬದಿಂದ ಶಿಕಾರಿಪುರಕ್ಕೆ ವರ್ಗವಾಯಿತು. ಮನೆಯ ಸಾಮಾನಿಗೆಂದು ಒಂದು ಲಾರಿ ಗೊತ್ತುಮಾಡಿದೆ. ನನ್ನಲ್ಲಿ ಆಗ ಒಂದು ಯೆಜ್ಡಿ ಇತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಗಾಡಿ. 1996ರಲ್ಲಿ ಆ ಕಾರ್ಖಾನೆ ಮುಚ್ಚಿದಾಗ ಬಂಧುವೊಬ್ಬರನ್ನು ಕಳೆದುಕೊಂಡಂತೆ ದುಃಖಿಸಿದವನು ನಾನು. ಲಾರಿಯಲ್ಲಿ ನಿಲ್ಲಿಸಿದರೆ ಬಿದ್ದೀತು, ಬಣ್ಣ ಕೆಟ್ಟೀತು ಎಂದು ನಮ್ಮ ಹತ್ತಿಯ ಹಾಸಿಗೆಯನ್ನು ಬಿಡಿಸಿ, ಅದರ ಮೇಲೆ ಬೈಕನ್ನು ಮಲಗಿಸಿದೆ. ಲಾರಿಯ ಮುಂಭಾಗದಲ್ಲಿ ನನ್ನ ತಾಯಿ ಕುಳಿತರು. ಹಿಂದೆ, ಸಾಮಾನುಗಳ ನಡುವೆ, ಟ್ರಂಕಿನ ಮೇಲೆ ನನ್ನಾಕೆ. ಅವಳ ಮಡಿಲಲ್ಲಿ ಒಂದೂವರೆ ವರ್ಷದ ಮಗಳು. ಬೈಕಿಗೆ ಹಾಸಿಗೆ, ಹೆಂಡತಿಗೆ ಟ್ರಂಕು! ಆ ದಿನ ಅದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ.

ಶಿರಾಳಕೊಪ್ಪ ಇನ್ನೂ ದೂರವಿತ್ತು, ಮಳೆ ಹನಿಯತೊಡಗಿತು. ಟಾರ್ಪಾಲನ್ನು ಎಲ್ಲ ಕಡೆಯಿಂದಲೂ ಇಳಿಬಿಟ್ಟೆವು. ಸ್ವಲ್ಪ ಹೊತ್ತಿಗೆ ನನ್ನಾಕೆ, “ಸೀಮೆಎಣ್ಣೆ ಡಬ್ಬಿ ಏನಾದರೂ ಉರುಳಿತೇ ನೋಡಿ” ಎಂದಳು. ಸೀಮೆಎಣ್ಣೆಯಲ್ಲ. ಅಡ್ಡ ಮಲಗಿಸಿದ ಬೈಕಿನ ಟ್ಯಾಂಕಿನ ಮುಚ್ಚಳದಿಂದಲೂ ಕಾರ್ಬ್ಯುರೇಟರಿನಿಂದಲೂ ಪೆಟ್ರೋಲು ಸೋರಿ ಹಾಸಿಗೆಯೆಲ್ಲ ತೊಯ್ದಿತ್ತು. ನಮ್ಮೊಡನೆ ಕುಳಿತಿದ್ದ ಕ್ಲೀನರ್ ಹುಡುಗ ಆಗತಾನೇ ಬೀಡಿಯನ್ನು ಬಾಯಿಗಿಟ್ಟು ಬೆಂಕಿಪೊಟ್ಟಣ ತೆರೆದಿದ್ದ. “ತಮ್ಮಾ, ಬೇಡ!” ಎಂದು ನನ್ನಾಕೆ ಅವನ ಕೈಯಿಂದ ಅದನ್ನು ಕಸಿದುಕೊಂಡಳು. ವಿಜ್ಞಾನದ ಮೇಷ್ಟ್ರು ಬಾಯಿ ತೆರೆದುಕೊಂಡು ಕುಳಿತಿದ್ದರು.

ಪೆಟ್ರೋಲಿನ ಆವಿ ಗಾಳಿಗಿಂತ ಭಾರ; ಮೇಲೇರಿ ಚದುರದೆ ನೆಲದ ಮಟ್ಟದಲ್ಲಿ ಹರಡಿ ನಿಲ್ಲುತ್ತದೆ. ಕಿಡಿಯೊಂದು ಸಿಕ್ಕರೆ ಸಾಕು. ಇದನ್ನು ಪ್ರತಿವರ್ಷ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದವನು ನಾನೇ.

ಆದುದರಿಂದ ನನ್ನ ಅಭಿಪ್ರಾಯ ಇಷ್ಟು: ವಾಹನವನ್ನು ವಾಹನದೊಳಗೆ ಒಯ್ಯುವುದು ತಪ್ಪಲ್ಲ, ಆದರೆ ವಾಹನವಿರುವ ಕೋಣೆ ಮನುಷ್ಯರು ಮಲಗುವ ಕೋಣೆಯಾಗಬಾರದು. ನಡುವೆ ಭದ್ರವಾದ ಗೋಡೆಯಿರುವ ಬಂಡಿಗಳೂ ದೊರೆಯುತ್ತವೆ. ಅಂಥದಿಲ್ಲವಾದರೆ ಮಲಗುವ ಮುನ್ನ ಬೈಕು ಹೊರಗಿರಲಿ. ನೆನೆದ ಬೈಕನ್ನು ಒರೆಸಿದರೆ ಆಯಿತು.

ಭಾರದ ವಿಷಯವೂ ಒಂದಿದೆ. ಅದನ್ನು ನಮ್ಮ ಗಾಡಿ ಹೊಡೆಯುವವರು ಎಂದೋ ಅರಿತಿದ್ದರು. ಭತ್ತದ ಚೀಲ ಹೇರುವಾಗ ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಎತ್ತಿನ ಕೊರಳಿನ ಹಗ್ಗ ಬಿಗಿಯುತ್ತದೆ. ಮುಂಭಾರವಾದರೆ ನೊಗ ಹೆಗಲನ್ನು ಅದುಮುತ್ತದೆ. ಎಳೆಯುವ ಬಂಡಿಗೂ ಇದೇ ನ್ಯಾಯ. ಒಟ್ಟು ಭಾರದಲ್ಲಿ ನೂರಕ್ಕೆ 10ರಿಂದ 15ರಷ್ಟು ಮುಂದಿನ ಕೊಂಡಿಯ ಮೇಲೆ ಬೀಳಬೇಕು. ಬೈಕುಗಳ ಭಾರವೆಲ್ಲ ಹಿಂದಕ್ಕೆ ಬಿದ್ದರೆ, ವೇಗ ಹೆಚ್ಚಿದಾಗ ಬಂಡಿ ಬಾಲದಂತೆ ಅತ್ತಿತ್ತ ಹೊಯ್ದಾಡಿ ಎಳೆಯುವ ವಾಹನವನ್ನೂ ಉರುಳಿಸಬಲ್ಲದು.

ನಮ್ಮ ರೈಲಿನಲ್ಲಿ ಬೈಕನ್ನು ಪಾರ್ಸೆಲ್ ಮಾಡುವಾಗ ಟ್ಯಾಂಕಿನ ಪೆಟ್ರೋಲನ್ನು ಪೂರ್ತಿ ತೆಗೆಯಿಸುತ್ತಾರೆ. ಹುಡುಗರು ಗೊಣಗುತ್ತಾರೆ. ಗೊಣಗುವವರು 2023ರ ಆಗಸ್ಟ್ 26ರ ಬೆಳಗಿನ ಜಾವವನ್ನು ನೆನೆಯಲಿ. ಮದುರೈಯಲ್ಲಿ ನಿಂತಿದ್ದ ಪ್ರವಾಸಿ ಬೋಗಿಯೊಂದಕ್ಕೆ ಬೆಂಕಿ ಬಿದ್ದು 9 ಮಂದಿ ಮಡಿದರು. ನಿಯಮ ಮೀರಿ ಒಳಗೆ ತಂದಿದ್ದ ಅಡುಗೆ ಅನಿಲದ ಸಿಲಿಂಡರು ಅದಕ್ಕೆ ಕಾರಣವೆಂದು ರೈಲ್ವೆ ಇಲಾಖೆ ತಿಳಿಸಿತು. ಅದೂ ಗಾಲಿಗಳ ಮೇಲಿನ ಒಂದು ಮನೆಯೇ ಆಗಿತ್ತು.

ಇಷ್ಟು ಓದಿ ಇದು ಅಮೆರಿಕದವರಿಗೆ ಹೇಳಿದ ಮಾತೆಂದು ನೀವು ಸುಮ್ಮನಾಗಬೇಡಿ. ಮಳೆಗಾಲದಲ್ಲಿ ಸೊರಬ, ಶಿಕಾರಿಪುರಗಳ ಎಷ್ಟು ಮನೆಗಳಲ್ಲಿ ಬೈಕು ರಾತ್ರಿ ಒಳಗೇ ನಿಲ್ಲುತ್ತದೆ! ಬಾಗಿಲ ಬಳಿ ಬೈಕು, ಪಕ್ಕದಲ್ಲೇ ಚಾಪೆ ಹಾಸಿ ಮಲಗಿದ ಮಕ್ಕಳು. ಬೆಳಗಾದರೆ ಅಲ್ಲಿಯೇ ಕಿಕ್ ಹೊಡೆದು ಹೊಗೆ ಎಬ್ಬಿಸುವುದು. ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಈಗ ವಿದ್ಯುತ್ ಸ್ಕೂಟರುಗಳು ಬಂದಿವೆ. ಇರುಳೆಲ್ಲ ಬಾಗಿಲ ಬಳಿಯೇ ಚಾರ್ಜಿಗಿಡುತ್ತಾರೆ. ಬ್ಯಾಟರಿಗೆ ಬೆಂಕಿ ತಗುಲಿದರೆ ಹೊರಬರುವ ದಾರಿಯೇ ಮುಚ್ಚಿಹೋಗುತ್ತದೆ. ಕಳ್ಳರ ಭಯವಿದೆ, ಜಾಗವಿಲ್ಲ ಎನ್ನುವಿರಿ. ನಿಜ. ಆದರೂ ಕೊಟ್ಟಿಗೆಯ ಮೂಲೆಯೋ, ತೆರೆದ ಮಾಡಿನ ಕೆಳಗೊಂದು ಸರಪಳಿಯೋ ಸಿಗದ ಮನೆ ನಮ್ಮಲ್ಲಿ ವಿರಳ.

ಅಂದು ತೊಯ್ದ ಹಾಸಿಗೆಯನ್ನು ಶಿಕಾರಿಪುರದ ಬಿಸಿಲಿನಲ್ಲಿ ಎಷ್ಟು ದಿನ ಒಣಗಿಸಿದರೂ ವಾಸನೆ ಹೋಗಲಿಲ್ಲ. ಕೊನೆಗೆ ಹತ್ತಿಯನ್ನೆಲ್ಲ ಎಸೆದೆವು. ಆ ಮಗಳಿಗೆ ಈಗ ನಲವತ್ತು ದಾಟಿದೆ. ಅವಳಿಗೆ ಈ ಸಂಗತಿ ನೆನಪಿಲ್ಲ, ನನಗೆ ಮರೆಯುವುದಿಲ್ಲ.

ನನ್ನ ವಿದ್ಯಾರ್ಥಿಗೆ ಇದನ್ನೇ ಬರೆದು ಕಳುಹಿಸಿದ್ದೇನೆ. ಮೇಷ್ಟ್ರಿಗೆ ವಯಸ್ಸಾಯಿತು, ಎಲ್ಲಕ್ಕೂ ಹೆದರುತ್ತಾರೆ ಎಂದು ಆತ ನಕ್ಕರೂ ಬೇಸರವಿಲ್ಲ. ಇಂದು ರಾತ್ರಿ ಬೈಕುಗಳನ್ನು ಹೊರಗೆ ನಿಲ್ಲಿಸಿ ನಕ್ಕರೆ ಸಾಕು.